ಎಡಗೈಗೆ ಮೂರು, ಬಲಗೈಗೆ ನಾಲ್ಕು

ಪ್ರಶ್ನೆ: 19ನೇ ಶತಮಾನದ ಸಂಗೀತಕಾರ ಶೋಪಾನ್ ಅವರ ಪಿಯಾನೋ ಸಂಗೀತದಲ್ಲಿ ಎರಡು ಕೈಗಳೂ ಬೇರೆ ಬೇರೆ ಲಯದಲ್ಲಿ ಓಡುವ ಹಾಗಿರುತ್ತದೆ. ತಾಳ ತಪ್ಪಿತು ಅನ್ನಿಸುವುದಿಲ್ಲ, ಆದರೂ ಎದೆ ತಳಮಳಿಸುತ್ತದೆ. ಯಾಕೆ?

ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಕೈಗಳ ಲೆಕ್ಕ ನಿಜವಾಗಿಯೂ ಬೇರೆ ಬೇರೆ. ಇದನ್ನೇ ಪಾಲಿರಿದಮ್ ಅನ್ನುವುದು. ಶೋಪಾನ್ 1834ರ ಹೊತ್ತಿಗೆ ಬರೆದ ‘ಫ್ಯಾಂಟಸಿ ಇಂಪ್ರಾಂಪ್ಟು’ ತೆಗೆದುಕೊಳ್ಳಿ. ಒಂದು ಬೀಟ್‌ನಲ್ಲಿ ಎಡಗೈ ಮೂರು ಸ್ವರ ನುಡಿಸುವಷ್ಟರಲ್ಲಿ ಬಲಗೈ ನಾಲ್ಕು ನುಡಿಸುತ್ತದೆ. ತಿಶ್ರ, ಚತುರಶ್ರ ಗೊತ್ತಿದ್ದವರಿಗೆ ಹೀಗೆ ಹೇಳಬಹುದು: ಒಂದು ಕೈ ‘ತಕಿಟ’, ಇನ್ನೊಂದು ಕೈ ‘ತಕಧಿಮಿ’, ಎರಡೂ ಒಂದೇ ಹೊತ್ತಿಗೆ.

ಸುಮ್ನೆ ತೊಡೆ ಮೇಲೆ ತಟ್ಟಿ ನೋಡಿ. ಒಂದರಿಂದ 12ರವರೆಗೆ ಎಣಿಸಿ. ಬಲಗೈ 1, 4, 7, 10ಕ್ಕೆ. ಎಡಗೈ 1, 5, 9ಕ್ಕೆ. ಎರಡೂ ಒಟ್ಟಿಗೆ ಬೀಳುವುದು 1ರಲ್ಲಿ ಮಾತ್ರ. 4ರ ಬೆನ್ನಿಗೇ 5, 9ರ ಬೆನ್ನಿಗೇ 10. ಇನ್ನೇನು ಸೇರಿದವು ಅನ್ನುವಷ್ಟು ಹತ್ತಿರ ಬಂದು ಮತ್ತೆ ತಪ್ಪಿಸಿಕೊಳ್ಳುತ್ತವೆ.

ತಳಮಳ ಹುಟ್ಟುವುದು ಅಲ್ಲೇ ಅಂತ ನನಗನ್ನಿಸುತ್ತದೆ. ಈ ಕೃತಿಯ ವೇಗದಲ್ಲಿ ಕಿವಿಗೆ ಎಣಿಸಲು ಬಿಡುವಿಲ್ಲ. ಏನೋ ಒಂದು ನಿಲ್ಲದೆ ಚಡಪಡಿಸುತ್ತಿದೆ ಅಂತ ಮಾತ್ರ ಗೊತ್ತಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಎಡಗೈ ಮೊದಲೇ ಓಡಲು ಶುರುಮಾಡಿರುತ್ತದೆ. ಬಲಗೈ ಬರುವಾಗ ಅದರ ಮೊದಲ ಜಾಗದಲ್ಲಿ ಸ್ವರವೇ ಇಲ್ಲ, ಖಾಲಿ. ಅಂದರೆ ಮೊಟ್ಟಮೊದಲ ಭೇಟಿಯೇ ತಪ್ಪಿಹೋಗಿದೆ! ಎಷ್ಟು ಸಲ ಕೇಳಿದರೂ ಅಲ್ಲಿ ನನ್ನ ಉಸಿರು ಒಮ್ಮೆ ಹಿಡಿಯುತ್ತದೆ.

ಇಂಥ ಲೆಕ್ಕ ಬೇರೆ ಕಡೆಯೂ ಸಿಗುತ್ತದೆ. ಜರ್ಮನ್ ಸಂಗೀತಕಾರ ಬ್ರಾಮ್ಸ್‌ಗೆ ಎರಡು ಸ್ವರಕ್ಕೆ ಎದುರಾಗಿ ಮೂರು ಸ್ವರ ಅಂದರೆ ಬಹಳ ಇಷ್ಟ. ಶೋಪಾನ್ ಅವರದೇ ಮೊದಲ ನಾಕ್ಟರ್ನ್‌ನಲ್ಲಿ (ರಾತ್ರಿಯ ಭಾವದ ಪಿಯಾನೋ ಕೃತಿ) ಎಡಗೈಯ ಸಮನಾದ ನಡೆಯ ಮೇಲೆ ಬಲಗೈ 11, 22 ಸ್ವರಗಳ ಗೊಂಚಲನ್ನು ಹರಿಸುತ್ತದೆ. ಅದನ್ನು ಭಾಗ ಹಾಕಿ ನುಡಿಸಿದರೆ ಹಾಡು ಸತ್ತುಹೋಗುತ್ತದೆ. ಎಡಗೈ ತಾಳ ಬಿಡಬಾರದು, ಬಲಗೈ ಹಾಡಿಕೊಳ್ಳಲಿ ಅಂತ ಅವರು ಶಿಷ್ಯರಿಗೆ ಹೇಳುತ್ತಿದ್ದರಂತೆ. ಕಲಿಯುವವರಿಗೂ ಇದೇ ದಾರಿ: ಒಂದೊಂದೇ ಕೈ ಪಳಗಿಸಿ, ಆಮೇಲೆ ಬೀಟ್‌ನ ಮೊದಲ ಸ್ವರ ಕೂಡಿದರೆ ಸಾಕು.

ಇಂಪ್ರಾಂಪ್ಟುವನ್ನು ಕೊನೆಯವರೆಗೂ ಕೇಳಿ. ನಡುವೆ ಬಲಗೈ ನಿಧಾನವಾಗಿ ಹಾಡಿದ ರಾಗ, ಮುಗಿಯುವ ಹೊತ್ತಿಗೆ ಎಡಗೈಯ ಕೆಳಗಿನ ಸ್ವರಗಳಲ್ಲಿ ಮತ್ತೆ ಬರುತ್ತದೆ. ಬಲಗೈ ಮೇಲೆ ಸಣ್ಣಗೆ ಗುನುಗುತ್ತಲೇ ಇರುತ್ತದೆ.