ರಾಜಧನ ತೆರಿಗೆಯಲ್ಲ

ಜಾರ್ಖಂಡ್, ಒಡಿಶಾಗಳ ಕಲ್ಲಿದ್ದಲು ವರಮಾನದ ವರದಿಗಳಲ್ಲಿ ‘ರಾಜಧನ ತೆರಿಗೆ’ ಎಂಬ ಜೋಡುಪದ ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂದರೆ, ಅದನ್ನು ತಿದ್ದಹೊರಟವರೇ ಕೊಂಕು ತೆಗೆಯುವವರಂತೆ ಕಾಣುತ್ತಾರೆ. ಆದರೂ ತಿದ್ದಲೇಬೇಕಾಗಿದೆ. ತೆರಿಗೆಯೆಂಬುದು ಸರ್ಕಾರ ತನ್ನ ಅಧಿಕಾರದಿಂದ ಮಾಡುವ ಕಡ್ಡಾಯ ವಸೂಲಿ. ರಾಜಧನವಾದರೋ, ನೆಲದಡಿಯ ಖನಿಜವನ್ನು ಅಗೆದು ಒಯ್ಯುವವನು ಗುತ್ತಿಗೆಯ ಕರಾರಿನಂತೆ ಅದರ ಒಡೆಯನಿಗೆ ಸಲ್ಲಿಸುವ ಪ್ರತಿಫಲ. ಭೂಗರ್ಭದ ಸಂಪತ್ತು ಅರಸನದೆಂಬ ಹಳೆಯ ಕಲ್ಪನೆಯಿಂದ ಪದದಲ್ಲಿ ‘ರಾಜ’ ಉಳಿದುಕೊಂಡಿದೆ. ಅವನ ಜಾಗದಲ್ಲಿ ಈಗ ರಾಜ್ಯ ಸರ್ಕಾರವಿದೆ.

ಈ ಗೊಂದಲಕ್ಕೆ ಪತ್ರಕರ್ತರನ್ನಷ್ಟೇ ದೂರುವಂತಿಲ್ಲ. 1989ರಲ್ಲಿ ತಮಿಳುನಾಡಿನ ಸುಣ್ಣದಕಲ್ಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ರಾಜಧನವನ್ನು ತೆರಿಗೆಯೆಂದು ಕರೆದಿತ್ತು. ಪಶ್ಚಿಮ ಬಂಗಾಳ ಕಲ್ಲಿದ್ದಲಿನ ಮೇಲೆ ವಿಧಿಸಿದ್ದ ಸೆಸ್‌ನ ವಿವಾದದಲ್ಲಿ, 2004ರಲ್ಲಿ, ಅದೇ ಕೋರ್ಟಿನ ಇನ್ನೊಂದು ಪೀಠವು ಅದು ಅಚ್ಚಿನ ದೋಷವೆಂದೂ, ‘ರಾಜಧನದ ಮೇಲಿನ ಸೆಸ್ ತೆರಿಗೆ’ ಎಂದಿರಬೇಕಿತ್ತೆಂದೂ ಹೇಳಿತು! ಕೊನೆಗೆ 2024ರ ಜುಲೈ 25ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು 8:1ರ ಬಹುಮತದಿಂದ ರಾಜಧನ ತೆರಿಗೆಯಲ್ಲವೆಂದು ತೀರ್ಮಾನಿಸಿತು. ಭಿನ್ನ ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾ. ಬಿ.ವಿ. ನಾಗರತ್ನ. ಇದು ಬರೀ ಪದಗಳ ಜಗಳವೆನ್ನುವವರು ಗಮನಿಸಬೇಕು: ಖನಿಜವಿರುವ ಭೂಮಿಯ ಮೇಲೆ ರಾಜ್ಯಗಳು ಪ್ರತ್ಯೇಕವಾಗಿ ತೆರಿಗೆ ಹಾಕಬಹುದೆಂಬುದು ಈ ತೀರ್ಪಿನಿಂದಲೇ ಖಚಿತವಾಯಿತು, ಅದೇ ವರ್ಷ ಜಾರ್ಖಂಡ್ ಅಂಥದೊಂದು ಸೆಸ್ ಕಾನೂನನ್ನೂ ತಂದಿತು.

ರಾಜಧನ ರಾಜ್ಯದ ಬೊಕ್ಕಸಕ್ಕೆ ಸೇರಿದರೂ ಅದರ ದರವನ್ನು 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಗೊತ್ತುಮಾಡುವುದು ಕೇಂದ್ರ. ಕಲ್ಲಿದ್ದಲಿಗೆ 2012ರಿಂದ ಅದು ಬೆಲೆಯ ಶೇ 14. ತನ್ನದೇ ಸೆಸ್ ವಸೂಲು ಮಾಡುವ ಪಶ್ಚಿಮ ಬಂಗಾಳಕ್ಕೆ ಮಾತ್ರ ಈ ದರ ಅನ್ವಯಿಸುವುದಿಲ್ಲ. ಟನ್ನಿಗೆ 1,000 ರೂಪಾಯಿ ಬೆಲೆಯಿದ್ದರೆ 140 ರೂಪಾಯಿ ರಾಜಧನ. ಹಳೆಯ ಗುತ್ತಿಗೆಯಾದರೆ ಅದರ ಶೇ 30, ಅಂದರೆ ಇನ್ನೂ 42 ರೂಪಾಯಿ, ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ. ಇದನ್ನೂ ರಾಜಧನದ ಲೆಕ್ಕಕ್ಕೇ ಸೇರಿಸಿ ಬರೆಯುವವರಿದ್ದಾರೆ. ಇದು ಗಣಿಬಾಧಿತ ಜನರಿಗಾಗಿ 2015ರಲ್ಲಿ ಬಂದ ಬೇರೆಯೇ ಹಣ.

ಇನ್ನು ‘ರಾಜಧನ ಕೊಡುವುದು ಗಣಿ ಕಂಪನಿ’ ಎಂಬ ಮಾತು ಅರ್ಧ ಮಾತ್ರ ನಿಜ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳಿಂದ ಕಲ್ಲಿದ್ದಲು ಬರುವಾಗ ರಾಜಧನ ಖರೀದಿಯ ಬಿಲ್ಲಿನಲ್ಲೇ ಸೇರಿರುತ್ತದೆ. ತೆಲಂಗಾಣಕ್ಕೆ ಸಂದ ಆ ಹಣವನ್ನು ಕೊನೆಗೆ ಭರಿಸುವವರು ಕರ್ನಾಟಕದ ವಿದ್ಯುತ್ ಗ್ರಾಹಕರು.