ಅಂಗಡಿ ಆಟದ ಒಳಮನೆಗೆ ಬಂದಾಗ

2012ರಲ್ಲಿ ಬಂದ ಡಯಾಬ್ಲೊ 3 ಗೇಮ್‌ನಲ್ಲಿ ಒಂದು ಹರಾಜುಕಟ್ಟೆ ಇತ್ತು. ಆಡುವಾಗ ಸಿಕ್ಕ ಕತ್ತಿ, ಕವಚಗಳನ್ನು ಆಟಗಾರರು ಅಲ್ಲಿ ನಿಜವಾದ ಹಣಕ್ಕೇ ಒಬ್ಬರಿಗೊಬ್ಬರು ಮಾರಬಹುದಿತ್ತು, ಪ್ರತಿ ಮಾರಾಟದಲ್ಲೂ ಕಂಪನಿಗೆ ಒಂದು ಪಾಲು. ಇಂಥ ವ್ಯಾಪಾರ ಹೊರಗೆ ಕಳ್ಳದಾರಿಯಲ್ಲಿ ಹೇಗೂ ನಡೆಯುತ್ತದೆ, ಒಳಗೆ ತಂದರೆ ಮೋಸವಾದರೂ ತಪ್ಪುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಆದರೆ ಡಯಾಬ್ಲೊದ ಜೀವ ಇರುವುದು ರಾಕ್ಷಸ ಸತ್ತಾಗ ನೆಲಕ್ಕೆ ಏನು ಬೀಳುತ್ತದೆ ಎಂಬ ಕಾತರದಲ್ಲಿ. ಅದಕ್ಕಿಂತ ಒಳ್ಳೆಯ ಕತ್ತಿ ಹರಾಜಿನಲ್ಲಿ ಸದಾ ಸಿಗುವಾಗ ನೆಲಕ್ಕೆ ಬಿದ್ದದ್ದನ್ನು ಬಗ್ಗಿ ಎತ್ತಿಕೊಳ್ಳುವವರು ಯಾರು? ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಗೇಮ್ ಮಾಡಿದ ಬ್ಲಿಜಾರ್ಡ್ ಕಂಪನಿ 2014ರ ಮಾರ್ಚ್ 18ರಂದು ಕಟ್ಟೆಯನ್ನು ಮುಚ್ಚಿತು. ವಸ್ತುಗಳು ಬೀಳುವ ನಿಯಮವನ್ನೂ ಆ ಹೊತ್ತಿಗೆ ಹೊಸದಾಗಿ ಬರೆದು, ಕಡಿಮೆ ವಸ್ತುಗಳು, ಆದರೆ ಆಟಗಾರನ ಪಾತ್ರಕ್ಕೆ ಒಪ್ಪುವಂಥವು ಬೀಳುವ ಹಾಗೆ ಮಾಡಿತು.

ಗೇಮ್‌ಗಳಲ್ಲಿ ದುಡ್ಡು ಮುಖ್ಯವೋ ಹೊಸತನ ಮುಖ್ಯವೋ ಎಂಬ ಚರ್ಚೆ ಎದ್ದಾಗಲೆಲ್ಲ ಒಂದು ಕಡೆ ದುರಾಸೆಯ ಕಂಪನಿ, ಇನ್ನೊಂದು ಕಡೆ ಕೈಕಟ್ಟಿಹಾಕಿದ ಕಲಾವಿದ ಎಂಬ ಚಿತ್ರ ಮೂಡುತ್ತದೆ. ಗೇಮ್ ಮಾಡುವವರಿಗೆ ಅದರಿಂದ ಉಪಯೋಗವಿಲ್ಲ. ಸಂಬಳ ಕೊಡಲು ದುಡ್ಡು ಬೇಕೇ ಬೇಕು. ಕೇಳಬೇಕಾದ್ದು ಎರಡೇ ಪ್ರಶ್ನೆ. ಅಂಗಡಿ ಆಟದ ಯಾವ ಜಾಗದಲ್ಲಿ ಕೂತಿದೆ? ಹೊಸತನದ ಅಪಾಯವನ್ನು ಕೆಲಸದ ಯಾವ ಹಂತದಲ್ಲಿ ತೆಗೆದುಕೊಳ್ಳಲಾಗಿದೆ?

ಮೊದಲನೆಯದನ್ನು ನೋಡೋಣ. ಪ್ರತಿ ಗೇಮ್‌ಗೂ ಒಂದು ಕೋರ್ ಲೂಪ್ ಇರುತ್ತದೆ, ಆಟಗಾರ ಮತ್ತೆ ಮತ್ತೆ ಸುತ್ತುವ ಸಣ್ಣ ಚಕ್ರ: ಹೋರಾಡು, ಗಳಿಸು, ಬಲಗೊಳ್ಳು, ಮತ್ತೆ ಹೋರಾಡು. ಉಡುಗೆ, ಬಣ್ಣ, ಕುಣಿತದಂಥ ಅಲಂಕಾರ ಈ ಚಕ್ರದ ಹೊರಗಿನ ಸರಕು. ಆಯುಧ, ಪಾತ್ರ, ವೇಗ, ಕಾಯುವ ಸಮಯ ಒಳಗಿನವು. ಒಳಗಿನದನ್ನು ಮಾರಬೇಕೆಂದರೆ ಚಕ್ರದಲ್ಲಿ ಎಲ್ಲೋ ಒಂದು ಕೊರತೆ ಇರಲೇಬೇಕು, ಇಲ್ಲದಿದ್ದರೆ ಕೊಳ್ಳುವವರಿರುವುದಿಲ್ಲ. ಆ ಕೊರತೆಯನ್ನು ಮಾಡಿಡುವುದು ಡಿಸೈನರ್ ಪಾಲಿನ ಕೆಲಸವಾಗಿಬಿಡುತ್ತದೆ.

ಇದು ಸ್ಪ್ರೆಡ್‌ಶೀಟಿನ ಒಂದು ಕೋಶದಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಒಂದು ಪಾತ್ರವನ್ನು ಬಿಡಿಸಿಕೊಳ್ಳಲು ಎಷ್ಟು ಅಂಕ ಬೇಕು ಎಂಬ ಸಂಖ್ಯೆ ಬಹಳಷ್ಟು ಗೇಮ್‌ಗಳಲ್ಲಿ ಇರುತ್ತದೆ. ಎಷ್ಟು ಹೊತ್ತು ಆಡಿದರೆ ಗೆದ್ದ ಖುಷಿ ಸಿಗುತ್ತದೆ ಎಂದು ಕೇಳಿ ಆ ಸಂಖ್ಯೆಯನ್ನು ಬರೆಯಬಹುದು. ಎಷ್ಟು ಹೊತ್ತಿಗೆ ತಾಳ್ಮೆ ತಪ್ಪಿ ಪರ್ಸಿಗೆ ಕೈ ಹೋಗುತ್ತದೆ ಎಂದು ಕೇಳಿಯೂ ಬರೆಯಬಹುದು. ಕೋಶ ಒಂದೇ, ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. 2017ರ ನವೆಂಬರ್‌ನಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬಿಡುಗಡೆಯ ಹೊಸ್ತಿಲಲ್ಲಿದ್ದಾಗ ಡಾರ್ತ್ ವೇಡರ್ ಪಾತ್ರಕ್ಕೆ 60,000 ಕ್ರೆಡಿಟ್ (ಆಟದೊಳಗಿನ ನಾಣ್ಯ) ಬೇಕಿತ್ತು. ಆಟಗಾರರು ಸಿಡಿದೆದ್ದ ಮೇಲೆ ಅದು 15,000ಕ್ಕೆ ಇಳಿಯಿತು. ಅದರ ಜೊತೆಗೇ, ಕಥಾಭಾಗ ಮುಗಿಸಿದವರಿಗೆ ಸಿಗುತ್ತಿದ್ದ 20,000 ಕ್ರೆಡಿಟ್ ಕೂಡ 5,000ಕ್ಕೆ ಇಳಿಯಿತು. ಬೆಲೆ ಇಳಿದ ಸುದ್ದಿ ಓದುವವರು ಗಳಿಕೆಯ ಸಾಲನ್ನೂ ಓದಬೇಕು. ಇವೆರಡರ ಅನುಪಾತವೇ ನಿಜವಾದ ಬೆಲೆ. ಕೊನೆಗೆ ಬಿಡುಗಡೆಯ ಮುನ್ನಾದಿನ ನಿಜವಾದ ದುಡ್ಡು ಕೊಟ್ಟು ಮಾಡುವ ಖರೀದಿಯನ್ನೇ ನಿಲ್ಲಿಸಬೇಕಾಯಿತು.

ಇದಕ್ಕಿಂತ ನೋವಿನ ಉದಾಹರಣೆ ಅದೇ ವರ್ಷದ ಶ್ಯಾಡೋ ಆಫ್ ವಾರ್. ಇದರ ಹಿಂದಿನ ಭಾಗ, 2014ರದ್ದು, ನೆಮೆಸಿಸ್ ಎಂಬ ಅಪರೂಪದ ವ್ಯವಸ್ಥೆಯನ್ನು ತಂದಿತ್ತು. ನಿಮ್ಮನ್ನು ಕೊಂದ ಸಾಮಾನ್ಯ ಓರ್ಕ್ ಸೈನಿಕನಿಗೆ ಬಡ್ತಿ ಸಿಗುತ್ತದೆ, ಹೆಸರು ಬರುತ್ತದೆ. ಮುಂದೆ ಎದುರಾದಾಗ ಹಳೆಯ ಗಾಯದ ಗುರುತು ಹೊತ್ತು, ಹಿಂದಿನ ಭೇಟಿಯನ್ನು ನೆನಪಿಸಿ ಹಂಗಿಸುತ್ತಾನೆ. ಒಬ್ಬೊಬ್ಬ ಆಟಗಾರನಿಗೂ ಅವನದೇ ಹಗೆತನ, ಅವನದೇ ಕಥೆ. ಇಂಥದ್ದನ್ನು ಕಟ್ಟುವುದು ದೊಡ್ಡ ಧೈರ್ಯ, ಅದು ಫಲ ಕೊಟ್ಟಿತ್ತು. ಎರಡನೇ ಭಾಗದಲ್ಲಿ ಓರ್ಕ್‌ಗಳನ್ನೇ ಪೆಟ್ಟಿಗೆಗಳಲ್ಲಿಟ್ಟು ಮಾರಲಾಯಿತು. ಕೊಂಡು ತಂದ ಓರ್ಕ್‌ಗೂ ನಿಮಗೂ ಹಳೆಯ ಋಣವಿಲ್ಲ, ಜಗಳವಿಲ್ಲ. ಅವನು ಬರೀ ಅಂಕಿಗಳ ಗೊಂಚಲು. ಖರೀದಿಯ ಅವಕಾಶ ಇದ್ದದ್ದೇ ನೆಮೆಸಿಸ್‌ನ ತಿರುಳಿಗೆ ಪೆಟ್ಟು ಕೊಟ್ಟಿತೆಂದು ಸ್ಟುಡಿಯೊ ತಾನೇ ಒಪ್ಪಿಕೊಂಡು, 2018ರ ಜುಲೈನಲ್ಲಿ ಅಂಗಡಿಯನ್ನು ಕಿತ್ತುಹಾಕಿ, ಉದ್ದುದ್ದ ಎಳೆದಿದ್ದ ಕೊನೆಯ ಭಾಗವನ್ನು ಮೊಟಕುಗೊಳಿಸಿತು. ಬಿಡುಗಡೆಯಾಗಿ ಒಂಬತ್ತು ತಿಂಗಳಾಗಿತ್ತು. ಅಷ್ಟರಲ್ಲಿ ಬಹುಪಾಲು ಆಟಗಾರರು ಹೊರಟುಹೋಗಿರುತ್ತಾರೆ.

ಅಂಗಡಿ ಆಟದ ತಿರುಳಿಗೆ ಪೆಟ್ಟು ಕೊಡುತ್ತಿದೆಯೇ ಎಂಬ ಪರೀಕ್ಷೆಯನ್ನು ಬಿಡುಗಡೆಗೆ ಮೊದಲೇ ಮಾಡಬಹುದು, ಖರ್ಚೂ ಹೆಚ್ಚಿಲ್ಲ. ಅಂಗಡಿಯನ್ನು ಪೂರ್ತಿ ತೆಗೆದುಹಾಕಿದ ಒಂದು ಬಿಲ್ಡ್, ಅಂದರೆ ಆಡಿಸಬಹುದಾದ ಪ್ರತಿ, ಸಿದ್ಧಮಾಡಿ. ಗೇಮ್ ಬಗ್ಗೆ ಏನೂ ಗೊತ್ತಿಲ್ಲದ ಎಂಟು ಜನರಿಗೆ ಕೊಡಿ, ಹತ್ತು ಗಂಟೆಯಷ್ಟು ಆಡಿಸಿ. ಎಲ್ಲಿ ಬೇಸರ ಬಂತು, ಎಲ್ಲಿ ನಿಲ್ಲಿಸಿದರು ಎಂದು ಗುರುತು ಹಾಕಿಕೊಳ್ಳಿ. ಬೇಸರದ ಜಾಗಗಳೂ ಅಂಗಡಿಯ ಸರಕುಗಳೂ ಒಂದಕ್ಕೊಂದು ಹೊಂದಿಕೊಂಡರೆ, ಆ ಗೇಮ್ ತಾನೇ ತೋಡಿದ ಗುಂಡಿಗೆ ಏಣಿ ಮಾರುತ್ತಿದೆ ಎಂದರ್ಥ.

ಲೂಟ್ ಬಾಕ್ಸ್ ಮತ್ತು ಗಾಚಾದ ವಿಷಯದಲ್ಲಿ, ಅಂದರೆ ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಟ್ಟು ಪೆಟ್ಟಿಗೆ ತೆರೆಯುವ ಅಥವಾ ಚೀಟಿ ಎಳೆಯುವಂಥ ಮಾರಾಟದಲ್ಲಿ, ಲೆಕ್ಕ ಕೈಯಾರೆ ಹಾಕಿ ನೋಡುವುದು ಒಳ್ಳೆಯದು. ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಐದು ನಕ್ಷತ್ರದ ಪಾತ್ರ ಬೀಳುವ ಮೂಲ ಸಾಧ್ಯತೆ 0.6%. ಪ್ರತಿ ಸಲವೂ ಅಷ್ಟೇ ಇದ್ದರೆ 90 ಸಲ ಎಳೆದ ನೂರು ಜನರಲ್ಲಿ ಸುಮಾರು 58 ಜನ ಬರಿಗೈಯಲ್ಲಿ ಉಳಿಯುತ್ತಾರೆ. ಹಾಗಾಗಬಾರದೆಂದೇ 90ನೇ ಸಲ ಖಂಡಿತ ಸಿಗುವ ಖಾತರಿ ಇಟ್ಟಿದ್ದಾರೆ. ಆದರೆ ಸಿಕ್ಕಿದ್ದು ನೀವು ಬಯಸಿದ ಪಾತ್ರವೇ ಆಗಿರಬೇಕಿಲ್ಲ. ಅದಕ್ಕಾಗಿ ಅದೃಷ್ಟ ತೀರಾ ಕೈಕೊಟ್ಟರೆ 180 ಸಲ ಎಳೆಯಬೇಕಾಗಬಹುದು. ಸಾಧ್ಯತೆಯನ್ನು ಪ್ರಕಟಿಸಬೇಕೆಂಬ ನಿಯಮ ಚೀನಾದಲ್ಲಿ 2017ರಲ್ಲಿ ಬಂತು. ಬೆಲ್ಜಿಯಂ 2018ರಲ್ಲಿ ಕೆಲವು ಗೇಮ್‌ಗಳ ಲೂಟ್ ಬಾಕ್ಸ್ ಜೂಜೇ ಎಂದು ತೀರ್ಮಾನಿಸಿತು. 0.6% ಎಂದು ಬರೆದರೆ ಸಾಲದು. ಅತಿ ಕೆಟ್ಟ ಸ್ಥಿತಿಯಲ್ಲಿ ಎಷ್ಟು ಹಣ ಎಂಬ ಒಂದು ಸಾಲನ್ನು ಖರೀದಿ ಬಟನ್‌ ಪಕ್ಕದಲ್ಲೇ ಹಾಕುವುದು ಪ್ರಾಮಾಣಿಕ ಕ್ರಮ.

ಕಂಪನಿಗಳು ಇಂಥ ನಿರ್ಧಾರಗಳಿಗೆ ಎ/ಬಿ ಪರೀಕ್ಷೆಯನ್ನು ಆಧಾರವಾಗಿ ತೋರಿಸುತ್ತವೆ. ಅರ್ಧ ಆಟಗಾರರಿಗೆ ನಾಲ್ಕು ಗಂಟೆ ಕಾಯುವ ಗಡಿಯಾರ, ಇನ್ನರ್ಧಕ್ಕೆ ಎಂಟು. ಎರಡು ವಾರದ ಬಳಿಕ ಎಂಟು ಗಂಟೆಯ ಗುಂಪಿನಿಂದ ಹೆಚ್ಚು ಆದಾಯ. ತಪ್ಪಾಗುವುದು ಇಲ್ಲೇ. ರೋಸಿಹೋದವರು ಎರಡೇ ವಾರಕ್ಕೆ ಬಿಡುವುದಿಲ್ಲ, ಮೂರನೇ ತಿಂಗಳಲ್ಲಿ ಬಿಡುತ್ತಾರೆ. ಆ ಹೊತ್ತಿಗೆ ಪರೀಕ್ಷೆ ಮುಗಿದು ಎಲ್ಲರಿಗೂ ಎಂಟು ಗಂಟೆಯಾಗಿರುತ್ತದೆ, ಹೋಲಿಸಲು ಗುಂಪೇ ಇರುವುದಿಲ್ಲ. ಜೊತೆಗೆ ಉಚಿತ ಗೇಮ್‌ಗಳ ಆದಾಯದ ದೊಡ್ಡ ಪಾಲು ಬೆರಳೆಣಿಕೆಯಷ್ಟು ಜನರಿಂದ ಬರುವುದರಿಂದ ನಾಲ್ಕೈದು ದೊಡ್ಡ ಖರೀದಿಗಳೇ ಸರಾಸರಿಯನ್ನು ಎತ್ತಿಬಿಡುತ್ತವೆ. ಪರಿಹಾರ ಕಷ್ಟದ್ದಲ್ಲ: ನೂರಕ್ಕೆ ಐದು ಆಟಗಾರರಿಗೆ ಬದಲಾವಣೆಯನ್ನು ಆರು ತಿಂಗಳು ತೋರಿಸಬೇಡಿ, ಮತ್ತು ಅತಿ ಹೆಚ್ಚು ಖರ್ಚು ಮಾಡುವ 1% ಜನರನ್ನು ತೆಗೆದು ಒಮ್ಮೆ ಲೆಕ್ಕ ಹಾಕಿ. ಫಲಿತಾಂಶ ಆಗಲೂ ನಿಂತರೆ ನಂಬಬಹುದು.

ಇನ್ನು ಎರಡನೇ ಪ್ರಶ್ನೆ. ದೊಡ್ಡ ಸ್ಟುಡಿಯೊಗಳು ಹೊಸತಿಗೆ ಹೆದರುವುದಕ್ಕೆ ಕಾರಣವಿದೆ. 2023ರಲ್ಲಿ ಅಮೆರಿಕದ ನ್ಯಾಯಾಲಯವೊಂದಕ್ಕೆ ಸಲ್ಲಿಕೆಯಾದ ದಾಖಲೆಗಳಿಂದ ದಿ ಲಾಸ್ಟ್ ಆಫ್ ಅಸ್ 2ರ ತಯಾರಿಗೆ ಸುಮಾರು 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ ಸುಮಾರು 21.2 ಕೋಟಿ ಡಾಲರ್ ಆಗಿದ್ದು ತಿಳಿಯಿತು. ಇಷ್ಟು ಹಣ ಸುರಿಯುವಾಗ ಪಕ್ಕದ ಹೊಲದಲ್ಲಿ ಚೆನ್ನಾಗಿ ಬಂದ ಬೆಳೆಯನ್ನೇ ಬಿತ್ತೋಣ ಅನ್ನಿಸುವುದು ಸಹಜ. ಆದರೆ ಆ ದಾರಿಯೂ ಸುರಕ್ಷಿತವಲ್ಲ. ಸೋನಿಯ ಕಾಂಕರ್ಡ್ ಗೆದ್ದ ಮಾದರಿಯ ಹೀರೊ ಶೂಟರ್ ಆಗಿತ್ತು, ಅಂದರೆ ಬೇರೆ ಬೇರೆ ಶಕ್ತಿಯ ಪಾತ್ರಗಳಾಗಿ ತಂಡ ಕಟ್ಟಿ ಗುಂಡು ಹಾರಿಸುವ ಆಟ. 2024ರ ಆಗಸ್ಟ್ 23ರಂದು ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು, ಕೊಂಡವರಿಗೆಲ್ಲ ಹಣ ವಾಪಸ್ಸಾಯಿತು. ವರ್ಷಗಟ್ಟಲೆ ನಡೆಯಬೇಕಾದ ಆನ್‌ಲೈನ್ ಗೇಮ್ ಆಟಗಾರನ ಹಣವನ್ನಷ್ಟೇ ಅಲ್ಲ, ಸಂಜೆಯನ್ನೂ ಕೇಳುತ್ತದೆ. ಆ ಸಂಜೆ ಈಗಾಗಲೇ ಅವನ ಗೆಳೆಯರಿರುವ ಬೇರೊಂದು ಗೇಮ್‌ಗೆ ಹೋಗಿಯಾಗಿರುತ್ತದೆ.

ಹೊಸತನ ದುಬಾರಿಯಾಗುವುದು ತಡವಾಗಿ ಪರೀಕ್ಷಿಸಿದಾಗ ಮಾತ್ರ. ಇಬ್ಬರು ಎರಡು ವಾರ ಒಂದು ಪ್ರೊಟೊಟೈಪ್ (ಪ್ರಯೋಗಕ್ಕೆಂದು ಮಾಡುವ ಕಚ್ಚಾ ಮಾದರಿ) ಮಾಡಿದರೆ ಅದು ಒಬ್ಬರ ಒಂದು ತಿಂಗಳ ಕೆಲಸ. ಇಂಥ ಎಂಟು ಪ್ರೊಟೊಟೈಪ್‌ಗಳಿಗೆ ತಗಲುವ ಶ್ರಮ ನೂರು ಜನರ ತಂಡದ ಎರಡು ದಿನಕ್ಕೂ ಕಡಿಮೆ. ಸ್ಪ್ಲಾಟೂನ್ ಶುರುವಾದದ್ದು ತೋಫು ತುಂಡಿನಂಥ ಚೌಕಗಳು ಒಂದಕ್ಕೊಂದು ಶಾಯಿ ಎರಚುವ ಪ್ರಯೋಗದಿಂದ. 2017ರ ಜೆಲ್ಡಾ ತಂಡ ಮರ ಕಡಿಯುವುದು, ಬೆಂಕಿ ಹಬ್ಬುವುದು ಮೊದಲಾದ ನಿಯಮಗಳನ್ನು 1986ರ ಮೊದಲ ಜೆಲ್ಡಾದಂತೆ ಕಾಣುವ ಚಪ್ಪಟೆ 2ಡಿ ಪ್ರೊಟೊಟೈಪ್‌ನಲ್ಲಿ ಆಡಿ ನೋಡಿತ್ತು. ಪೋರ್ಟಲ್‌ನ ಮೂಲ ಒಂದು ವಿದ್ಯಾರ್ಥಿ ತಂಡದ ಗೇಮ್.

ಪ್ರೊಟೊಟೈಪ್ ಮಾಡುವ ಮೊದಲು ಒಂದೇ ವಾಕ್ಯದ ಪ್ರಶ್ನೆ ಬರೆದಿಟ್ಟುಕೊಳ್ಳಿ, ‘ಶಾಯಿಯಲ್ಲಿ ಅಡಗುವುದು ಖುಷಿ ಕೊಡುತ್ತದೆಯೇ’ ಎಂಬಂಥದ್ದು. ಯಾವ ಉತ್ತರ ಬಂದರೆ ಕೈಬಿಡುತ್ತೀರಿ ಎಂಬುದನ್ನೂ ಆಗಲೇ ಬರೆಯಿರಿ. ಮಾಡಿದ ಮೇಲೆ ಬರೆಯಲು ಕೂತರೆ ಮಮತೆ ಅಡ್ಡ ಬರುತ್ತದೆ. ಬೂದು ಡಬ್ಬಗಳು ಸಾಕು, ಚಿತ್ರ, ಸಂಗೀತ ಬೇಡ: ಚೆಂದದ ಚಿತ್ರ ದುರ್ಬಲ ಆಟವನ್ನು ಮುಚ್ಚಿಡುತ್ತದೆ. ಆಡಿಸುವಾಗ ಪಕ್ಕದಲ್ಲಿ ಕೂತು ವಿವರಿಸಬೇಡಿ. ಆಟ ಮುಗಿದಾಗ ಯಾರೂ ಹೇಳದೆ ಇನ್ನೊಮ್ಮೆ ಶುರು ಮಾಡುವವರು ಎಷ್ಟು ಎಂದು ಎಣಿಸಿ. ‘ಚೆನ್ನಾಗಿದೆ’ ಎಂಬ ಮಾತಿಗಿಂತ ಅದು ನಂಬಿಕಸ್ಥ ಸಾಕ್ಷಿ. ಗೆದ್ದ ಪ್ರೊಟೊಟೈಪ್‌ನ ಕೋಡ್ ಎಸೆದು ಹೊಸದಾಗಿ ಬರೆಯಿರಿ. ಆತುರದಲ್ಲಿ ಹೊಲಿದ ಆ ಕೋಡಿನ ಮೇಲೇ ಪೂರ್ತಿ ಗೇಮ್ ಕಟ್ಟಲು ಹೋಗಿ ಎರಡನೇ ವರ್ಷದಲ್ಲಿ ಸಿಕ್ಕಿಬೀಳುವ ತಂಡಗಳು ಬಹಳ. ಒಂದು ಗೇಮ್‌ನಲ್ಲಿ ಪರೀಕ್ಷೆಯಾಗದ ಹೊಸ ಸಂಗತಿ ಒಂದೇ ಇರಲಿ. ಹೊಸ ಎಂಜಿನ್, ಹೊಸ ಪ್ರಕಾರ, ಹೊಸ ತಂಡ ಮೂರೂ ಒಟ್ಟಿಗೆ ಬಂದರೆ ಯಾವುದು ಕೈಕೊಟ್ಟಿತೆಂದೇ ತಿಳಿಯುವುದಿಲ್ಲ.

ಅರ್ಲಿ ಆಕ್ಸೆಸ್, ಅಂದರೆ ಪೂರ್ತಿಯಾಗುವ ಮೊದಲೇ ಗೇಮ್ ಅನ್ನು ಆಟಗಾರರಿಗೆ ಮಾರುವುದು, ಇನ್ನೊಂದು ದಾರಿ. ಹೇಡೀಸ್ 2018ರಿಂದ 2020ರವರೆಗೆ, ಬಾಲ್ಡರ್ಸ್ ಗೇಟ್ 3 ಸುಮಾರು ಮೂರು ವರ್ಷ ಹೀಗೆ ಆಟಗಾರರ ಕೈಯಲ್ಲಿ ಬೆಳೆದವು. ಮತ್ತೆ ಮತ್ತೆ ಆಡುವ ಗೇಮ್‌ಗಳಿಗೆ ಇದು ಹೇಳಿ ಮಾಡಿಸಿದ್ದು. ಕಥೆಯೇ ಮುಖ್ಯವಾದಲ್ಲಿ, ಬಾಲ್ಡರ್ಸ್ ಗೇಟ್‌ನವರು ಮಾಡಿದಂತೆ ಕಥೆಯ ಮೊದಲ ಅಂಕವನ್ನಷ್ಟೇ ಆಟಗಾರರಿಗೆ ಕೊಡಬೇಕು.

ಇಷ್ಟೆಲ್ಲ ಮಾಡಬೇಕೆಂದರೆ ಗೇಮ್‌ಗೆ ಹಣ ಹಾಕುವ ಪ್ರಕಾಶಕರ ಜೊತೆಗಿನ ಒಪ್ಪಂದದಲ್ಲಿ ಅದಕ್ಕೆ ಜಾಗವಿರಬೇಕು. ಸಾಮಾನ್ಯವಾಗಿ ಹಣ ಕಂತುಕಂತಾಗಿ ಬರುತ್ತದೆ, ಪ್ರತಿ ಕಂತಿಗೂ ಇಷ್ಟು ಹಂತ, ಇಷ್ಟು ಆಯುಧ, ಇಷ್ಟು ಶತ್ರುಗಳು ಎಂಬ ಪಟ್ಟಿ. ನಾಲ್ಕನೇ ತಿಂಗಳಲ್ಲಿ ಮೂಲ ಯೋಚನೆ ನಡೆಯುವುದಿಲ್ಲವೆಂದು ಗೊತ್ತಾದ ತಂಡವೂ ಸಂಬಳಕ್ಕಾಗಿ ಪಟ್ಟಿಯನ್ನು ಪೂರೈಸುತ್ತಲೇ ಹೋಗುತ್ತದೆ. ಆದ್ದರಿಂದ ಮೊದಲ ಕಂತನ್ನು ಪಟ್ಟಿಯ ಬದಲು ಪ್ರಶ್ನೆಯ ಮೇಲೆ ಬರೆಸಿಕೊಳ್ಳಿ: ಪ್ರೊಟೊಟೈಪ್, ಆಡಿಸಿದ ವರದಿ, ಹೌದು ಅಥವಾ ಇಲ್ಲ ಎಂಬ ತೀರ್ಮಾನ. ‘ಇಲ್ಲ’ ಎಂದರೂ ಪೂರ್ತಿ ಹಣ ಸಲ್ಲಬೇಕು, ಪ್ರೊಟೊಟೈಪ್‌ನ ಹಕ್ಕು ಸ್ಟುಡಿಯೊಗೇ ಮರಳಬೇಕು, ಎರಡನೇ ಕಂತಿನ ಪಟ್ಟಿಯನ್ನು ಆ ತೀರ್ಮಾನದ ನಂತರವಷ್ಟೇ ಬರೆಯಬೇಕು.