ಊರುಕೂಟದಲ್ಲಿ ಕೇಳಬೇಕಾದದ್ದು ಮೀಟರಿನಲ್ಲಿ ಸಿಗದು

"ಕರೆಂಟು ಉಂಟಾ?"
"ಉಂಟು."
"ತೊಂದರೆ ಏನಾದರೂ ಉಂಟಾ?"
"ಇಲ್ಲ."

ಇಷ್ಟು ಕೇಳಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು, ಗುಡ್ಡೆ ಇಳಿದು ಬಂದವರು ವರದಿಯಲ್ಲಿ "ಸಮುದಾಯದ ಅಭಿಪ್ರಾಯ ಪಡೆಯಲಾಗಿದೆ" ಎಂದು ಬರೆಯುತ್ತಾರೆ. ಕಾಸರಗೋಡು ಜಿಲ್ಲೆಯಲ್ಲಿ ಕೊರಗ, ಮಾವಿಲ, ಮಲವೇಟ್ಟುವ ಬುಡಕಟ್ಟುಗಳ ನೆಲೆಗಳಲ್ಲಿ ವಿದ್ಯುತ್ ಯೋಜನೆಗಾಗಿ ಅಭಿಪ್ರಾಯ ಸಂಗ್ರಹಿಸುವವರಿಗೆ ಹೇಳಬೇಕಾದ್ದು ಬಹಳ ಉಂಟು. ಆದರೆ ಒಂದು ತಪ್ಪು ಮಾತ್ರ ಎಷ್ಟು ಸಲ ತಿದ್ದಿದರೂ ಮತ್ತೆ ಬರುತ್ತದೆ. ಮನೆಯ ಮೀಟರು ತೋರಿಸಿದ ಯುನಿಟ್ಟನ್ನೇ ಆ ಮನೆಯ ಬೇಡಿಕೆ ಎಂದು ಹಿಡಿದು, ಅದರ ಮೇಲೆ ಹತ್ತು ವರ್ಷದ ಲೆಕ್ಕ ಕಟ್ಟುವುದೇ ಆ ತಪ್ಪು.

2017ರ ಮೇ 29ರಂದು ಕೇರಳವನ್ನು ಸಂಪೂರ್ಣ ವಿದ್ಯುದೀಕೃತ ರಾಜ್ಯವೆಂದು ಘೋಷಿಸಲಾಯಿತು. ಅದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಗೆ ತಂತಿ ಮುಟ್ಟುವುದು ಬೇರೆ, ಆ ತಂತಿಯಲ್ಲಿ ಮಿಕ್ಸಿ ತಿರುಗುವುದು ಬೇರೆ. ಕೇಂದ್ರ ವಿದ್ಯುತ್ ಸಚಿವಾಲಯದ 2023ರ ಮಾರ್ಗಸೂಚಿಯ ಪ್ರಕಾರ ಪ್ರತಿಯೊಂದು ವಿತರಣಾ ಸಂಸ್ಥೆಯೂ ಮುಂದಿನ ಹತ್ತು ವರ್ಷದ ಬೇಡಿಕೆಯನ್ನು ಅಂದಾಜಿಸಿ, ವರ್ಷ ವರ್ಷ ಪರಿಷ್ಕರಿಸಬೇಕು. ಆ ಅಂದಾಜಿಗೆ ಹಿಂದಿನ ವರ್ಷಗಳ ಬಳಕೆಯೇ ತಳಹದಿ. ಪೇಟೆಯ ಮಟ್ಟಿಗೆ ಇದು ಬಹುತೇಕ ಸರಿ. ಗುಡ್ಡೆಯ ಮೇಲೆ ಹದಿನಾಲ್ಕು ಮನೆಗಳಿರುವ ಒಂದು ನೆಲೆಯ ಮಟ್ಟಿಗೆ ಸರಿಯಲ್ಲ.

ಯಾಕೆಂದು ಲೆಕ್ಕ ಹಾಕಿಯೇ ನೋಡೋಣ. ಇಲ್ಲಿ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ಮನೆಯೊಂದಕ್ಕೆ ಸರಾಸರಿ 60 ಯುನಿಟ್ ಎಂದಿಟ್ಟುಕೊಳ್ಳಿ. ಇದನ್ನು ತಿಂಗಳ ಬಳಕೆಯೆಂದು ಬರೆದುಬಿಡುವ ತಪ್ಪೂ ಆಗುತ್ತದೆ, ಜಾಗ್ರತೆ. ದಿನಕ್ಕೆ 1 ಯುನಿಟ್, ಹದಿನಾಲ್ಕು ಮನೆಗೆ 14 ಯುನಿಟ್. ಇಪ್ಪತ್ತನಾಲ್ಕು ಗಂಟೆಗೆ ಹಂಚಿದರೆ ಸರಾಸರಿ 0.6 ಕಿಲೋವ್ಯಾಟಿನ ಆಸುಪಾಸು. ಲೋಡ್ ಫ್ಯಾಕ್ಟರ್, ಅಂದರೆ ಗರಿಷ್ಠ ಬೇಡಿಕೆಯಲ್ಲಿ ಸರಾಸರಿ ಬಳಕೆಯ ಪಾಲು, ಶೇ. 30 ಎಂದು ಹಿಡಿದರೆ ಸಂಜೆಯ ಗರಿಷ್ಠ ಬೇಡಿಕೆ ಸುಮಾರು 2 ಕಿಲೋವ್ಯಾಟ್. ವರ್ಷಕ್ಕೆ ಶೇ. 5 ಏರಿಕೆ ಕೊಟ್ಟರೂ ಹತ್ತು ವರ್ಷದ ಕೊನೆಗೆ 3.2 ಕಿಲೋವ್ಯಾಟ್. ಈಗಿರುವ ಸಿಂಗಲ್ ಫೇಸ್ ಲೈನೇ ಸಾಕು ಎಂದು ಕಾಗದ ಹೇಳುತ್ತದೆ.

ಅದೇ ಮನೆಗಳ ಹೆಂಗಸರ ಜತೆ ಕೂತು ಕೇಳಿದರೆ ಬೇರೆಯೇ ಚಿತ್ರ ಬರುತ್ತದೆ. ಮದುವೆಯಾದ ಮಕ್ಕಳು ಬೇರೆ ಮನೆ ಕಟ್ಟುತ್ತಾರೆ, ಹತ್ತು ವರ್ಷದಲ್ಲಿ ಹದಿನಾಲ್ಕು ಮನೆ ಇಪ್ಪತ್ತಾಗುತ್ತದೆ. ದೀಪ, ಫ್ಯಾನು, ಟಿ.ವಿ., ಫ್ರಿಜ್ಜು ಸೇರಿ ಸಂಜೆ ಮನೆಗೆ 300 ವ್ಯಾಟ್ ಹಿಡಿದರೆ ಇಪ್ಪತ್ತು ಮನೆಗೆ 6 ಕಿಲೋವ್ಯಾಟ್. ಒಟ್ಟಿಗೆ ತಿರುಗುವ ಐದು ಮಿಕ್ಸಿಗೆ ಎರಡೂವರೆ, ಅರ್ಧ ಎಚ್‌ಪಿಯ ಎರಡು ಪಂಪಿಗೆ 1.2, ಒಂದೇ ಒಂದು ಇಂಡಕ್ಷನ್ ಒಲೆಗೆ 2. ಹತ್ತಿರ ಹತ್ತಿರ 12 ಕಿಲೋವ್ಯಾಟ್ ಆಯಿತು. ಕಾಗದದ ಲೆಕ್ಕದ ಮೂರೂವರೆ ಪಾಲಿಗಿಂತಲೂ ಹೆಚ್ಚು. ಇದರಲ್ಲಿ ದುರಾಸೆಯದ್ದು ಯಾವುದು, ತೋರಿಸಿ.

ಹಾಗಾದರೆ ಇವತ್ತು ಬಳಕೆ ಯಾಕೆ ಇಷ್ಟು ಕಡಿಮೆ? ಕಾರಣ ಒಂದೇ ಅಲ್ಲ. ಕೆಳಗಿನ ಅಡಿಕೆ ತೋಟಗಳ ಪಂಪುಗಳನ್ನೆಲ್ಲ ದಾಟಿ ಬಂದ ಲೈನಿನ ತುದಿಯಲ್ಲಿ ಇವರ ಮನೆ. ಬೇಸಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತಿಗೆ ಇಲ್ಲಿ ಓಲ್ಟೇಜ್ ಬೀಳುತ್ತದೆ. ಲೋ ಓಲ್ಟೇಜಿನಲ್ಲಿ ಫ್ರಿಜ್ಜಿನ ಕಂಪ್ರೆಸರ್ ಸ್ಟಾರ್ಟ್ ಆಗದೆ ಬಿಸಿಯಾಗಿ ವೈಂಡಿಂಗ್ ಸುಡುತ್ತದೆ. ಹಾಗೆ ಒಂದು ಮನೆಯಲ್ಲಿ ಸುಟ್ಟರೆ ಹತ್ತು ಮನೆಯವರು ಫ್ರಿಜ್ಜಿನ ಆಸೆ ಬಿಡುತ್ತಾರೆ. ಉಚಿತ ವಿದ್ಯುತ್ತಿನ ಮಿತಿ ದಾಟೀತೆಂಬ ಹೆದರಿಕೆಯಲ್ಲಿ ಫ್ಯಾನು ಆರಿಸಿ ಮಲಗುವವರಿದ್ದಾರೆ. ಮನೆ ಕೊಡುವಾಗ ಎಳೆದ ವಯರಿಂಗನ್ನು ಇಲಿ ಕಡಿದಿರುತ್ತದೆ, ಎರಡು ಪಾಯಿಂಟ್ ಮಾತ್ರ ಜೀವ ಇರುತ್ತದೆ. ಮುರಕಲ್ಲಿನ ನೆಲದಲ್ಲಿ ಬೇಸಗೆ ಬಂತೆಂದರೆ ಅರ್ತಿಂಗ್ ಕೆಲಸ ಮಾಡುವುದಿಲ್ಲ, ಗ್ರೈಂಡರು ಮುಟ್ಟಿದರೆ ಜುಮ್ಮೆನ್ನುತ್ತದೆ, ಮತ್ತೆ ಅದನ್ನು ಯಾರೂ ಮುಟ್ಟುವುದಿಲ್ಲ. ಮೀಟರು ಇದೊಂದನ್ನೂ ಹೇಳದು. ಎಷ್ಟು ಸಿಕ್ಕಿತೋ ಅಷ್ಟನ್ನು ತೋರಿಸುವುದು ಅದರ ಕೆಲಸ. ಸಿಕ್ಕಿದ್ದನ್ನು ಬೇಕಾದದ್ದೆಂದು ಬರೆದುಕೊಂಡರೆ ಇಂದಿನ ಕೊರತೆಯೇ ಮುಂದಿನ ಹತ್ತು ವರ್ಷದ ಯೋಜನೆಯಾಗಿಬಿಡುತ್ತದೆ.

ತಂತಿಯ ಲೆಕ್ಕವನ್ನೂ ನೋಡಿಬಿಡಿ, ಯಾಕೆಂದರೆ ನಿರ್ಧಾರ ನಿಲ್ಲುವುದು ಇದರ ಮೇಲೆ. ಕಿಲೋಮೀಟರಿಗೆ 0.9 ಓಮ್ ರೋಧದ ತಂತಿ, 600 ಮೀಟರ್ ಸಿಂಗಲ್ ಫೇಸ್. ಹೋಗಿ ಬರುವ ಎರಡೂ ತಂತಿ ಸೇರಿ ಸುಮಾರು 1.08 ಓಮ್. 12 ಕಿಲೋವ್ಯಾಟಿಗೆ ಸುಮಾರು 52 ಆಂಪಿಯರ್. ಮನೆಗಳೆಲ್ಲ ತುದಿಯಲ್ಲೇ ಇದ್ದರೆ 56 ಓಲ್ಟ್ ತಂತಿಯಲ್ಲೇ ಕರಗುತ್ತದೆ. 230 ಇದ್ದದ್ದು 174ಕ್ಕೆ ಬರುತ್ತದೆ. ಇರಬೇಕಾದ್ದು ಶೇ. 6ರ ಒಳಗೆ, ಅಂದರೆ 216ಕ್ಕಿಂತ ಕೆಳಗಿಳಿಯಬಾರದು. ಅದೇ ಕಂಬಗಳ ಮೇಲೆ ಇನ್ನೆರಡು ತಂತಿ ಎಳೆದು ತ್ರೀ ಫೇಸ್ ಮಾಡಿದರೆ ಕರೆಂಟು ಮೂರು ಪಾಲಾಗುತ್ತದೆ, ನ್ಯೂಟ್ರಲಿನಲ್ಲಿ ಹೆಚ್ಚುಕಡಿಮೆ ಏನೂ ಹರಿಯುವುದಿಲ್ಲ, ಓಲ್ಟೇಜ್ ನಷ್ಟ ಆರನೇ ಒಂದು ಪಾಲಿಗೆ ಇಳಿಯುತ್ತದೆ. ಸುಮಾರು 9 ಓಲ್ಟ್, ಅಷ್ಟೆ. ಆದರೆ ಮನೆಗಳನ್ನು ಮೂರು ಫೇಸಿಗೂ ಸಮನಾಗಿ ಹಂಚಬೇಕು. ಹೊಸ ತಂತಿ ಎಳೆದ ಮೇಲೂ ಸರ್ವಿಸ್ ವಯರುಗಳನ್ನೆಲ್ಲ ಹಳೆಯ ಫೇಸಿನಲ್ಲೇ ಬಿಟ್ಟರೆ ಖರ್ಚು ಮಾತ್ರ ಮಿಕ್ಕೀತು. ಈ ಅಂಕಿಗಳು ವಿಷಯ ತಿಳಿಯಲಿಕ್ಕೆ ಮಾತ್ರ. ಕಂಬ ಕಂಬ ಅಳೆದು ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿನ ಇಂಜಿನಿಯರು ಹಾಕುವ ಲೆಕ್ಕವೇ ಕೊನೆಯದು.

ಎರಡು ತಂತಿ ಹೆಚ್ಚು ಬೇಕೋ ಬೇಡವೋ ಎಂಬ ಈ ನಿರ್ಧಾರಕ್ಕೆ ಬೇಕಾದ ಮಾಹಿತಿ ಇರುವುದು ಆ ಹದಿನಾಲ್ಕು ಮನೆಗಳವರ ಬಾಯಲ್ಲಿ. ಅದನ್ನು ಹೊರಡಿಸುವ ಕ್ರಮ ಉಂಟು.

ಹೋಗುವ ಮೊದಲು ಸೆಕ್ಷನ್ ಆಫೀಸಿನಿಂದ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ, ಲೈನಿನ ಉದ್ದ, ಹಿಂದಿನ ಹನ್ನೆರಡು ಬಿಲ್ಲಿನ ಓದು ತೆಗೆದುಕೊಳ್ಳಿ. ಹನ್ನೆರಡು ಬಿಲ್ಲೆಂದರೆ ಎರಡು ಬೇಸಗೆ, ಎರಡು ಮಳೆಗಾಲ. ಸಂಜೆ ಆರೂವರೆಯಿಂದ ಹತ್ತರ ನಡುವೆ ಕೊನೆಯ ಮನೆಯಲ್ಲಿ ಓಲ್ಟೇಜ್ ಅಳೆದು ಬರೆದಿಡಿ. ಹಗಲು ಹನ್ನೊಂದಕ್ಕೆ ಅಳೆದ ಓಲ್ಟೇಜ್ ಸಂಜೆಯ ಲೆಕ್ಕಕ್ಕೆ ಬಾರದು.

ಸಭೆ ಎಲ್ಲಿ ಎಂಬುದು ಸಣ್ಣ ವಿಷಯವಲ್ಲ. ಇವರು ಕೂಲಿಗೆ ಹೋಗುವ ತೋಟದ ಯಜಮಾನರ ಅಂಗಳದಲ್ಲಿ ಸಭೆ ಕರೆದರೆ ಯಾರೂ ಬಾಯಿ ಬಿಡುವುದಿಲ್ಲ. ತೋಟದ ಪಂಪಿನಿಂದ ತಮ್ಮ ದೀಪ ಮಂಕಾಗುತ್ತದೆ ಎಂದು ಆ ಅಂಗಳದಲ್ಲಿ ನಿಂತು ಹೇಳುವುದು ಹೇಗೆ? ಅವರದೇ ಅಂಗಳದಲ್ಲಿ, ಊರುಕೂಟವಾಗಿ, ಅಂದರೆ ನೆಲೆಯವರೆಲ್ಲರ ಸಭೆಯಾಗಿ ಸೇರಲಿ. ಎಸ್.ಟಿ. ಪ್ರಮೋಟರ್ (ಬುಡಕಟ್ಟು ನೆಲೆಗಳಿಗೆ ಇಲಾಖೆ ನೇಮಿಸಿದ ಕಾರ್ಯಕರ್ತ) ಮತ್ತು ಊರಿನ ಹಿರಿಯರ ಮೂಲಕ ಕನಿಷ್ಠ ಒಂದು ವಾರ ಮೊದಲು ತಿಳಿಸಿ. ಅಡಿಕೆ ಕೊಯ್ಲಿನಲ್ಲಿ, ಗೇರುಬೀಜದ ಕಾಲದಲ್ಲಿ ಹಗಲು ಯಾರೂ ಮನೆಯಲ್ಲಿ ಇರುವುದಿಲ್ಲ. ನನ್ನನ್ನು ಕೇಳಿದರೆ ತುಳುವರ ಮಳೆಗಾಲದ ಆಟಿಯೇ ಒಳ್ಳೆಯ ತಿಂಗಳು. ಮಳೆಗೆ ಕೆಲಸ ಕಡಿಮೆ, ಜನ ಮನೆಯಲ್ಲಿರುತ್ತಾರೆ. ಮರ ಬಿದ್ದು ಕರೆಂಟು ಹೋದರೆ ಬರಲು ಎಷ್ಟು ದಿನ ಎಂಬುದೂ ಕಣ್ಣೆದುರೇ ಇರುತ್ತದೆ. ಗುಡ್ಡೆ ಹತ್ತಲು ಕಷ್ಟ, ಒಪ್ಪುತ್ತೇನೆ.

ಕಾಗದದಲ್ಲಿ ಊರಿನ ಹೆಸರು ಬರೆಯುವಾಗಲೂ ಎಚ್ಚರ ಇರಲಿ. "ಕೋಲನಿ" ಎಂಬ ಪದ ಬಿಡಬೇಕೆಂದು 2024ರ ಜೂನ್‌ನಲ್ಲಿ ಕೇರಳ ಸರಕಾರ ಆದೇಶ ಹೊರಡಿಸಿದೆ. ನಗರ್, ಉನ್ನತಿ, ಪ್ರಕೃತಿ ಎಂಬ ಹೆಸರುಗಳನ್ನು ಸೂಚಿಸಿದೆ. ಅಲ್ಲಿನವರು ಬೇರೆ ಹೆಸರು ಹೇಳಿದರೆ ಅದನ್ನೇ ಬರೆಯಿರಿ.

ಭಾಷೆಯ ವಿಷಯ. ಮಂಜೇಶ್ವರ ಕಡೆಯ ಕೊರಗರಲ್ಲಿ ತುಳು ನಡೆಯುತ್ತದೆ, ಮನೆಯೊಳಗೆ ತಮ್ಮದೇ ಮಾತೂ ಉಂಟು. ಮಾವಿಲರ ತುಳುವಿನ ಧಾಟಿ ಬೇರೆ. ಮಲಯಾಳದಲ್ಲಿ ಅಚ್ಚಾದ ನೋಟೀಸು ಕೈಗೆ ಕೊಟ್ಟು "ಓದಿ ಅಭಿಪ್ರಾಯ ಹೇಳಿ" ಎಂದರೆ ಅದು ಕೇಳಿದ ಹಾಗಾಗಲಿಲ್ಲ. ಭಾಷೆ ಸರಿಯಾದರೂ ಶಬ್ದ ಎಡವುತ್ತದೆ. ಮುರಕಲ್ಲಿನ ಕ್ವಾರಿಯಲ್ಲಿ ದುಡಿಯುವವರಿಗೆ "ಲೋಡ್" ಎಂದರೆ ಲಾರಿಯ ಲೋಡು. "ನಿಮ್ಮ ಲೋಡ್ ಎಷ್ಟು" ಎಂಬ ಪ್ರಶ್ನೆಗೆ ಉತ್ತರ ಬರದಿದ್ದರೆ ತಪ್ಪು ಅವರದಲ್ಲ.

ಅದರ ಬದಲು ಬೀಜ ಇಟ್ಟು ಕೇಳಿ. ಅಂಗಳದಲ್ಲಿ ಸೀಮೆಸುಣ್ಣದಿಂದ, ಹೊತ್ತಿಗೊಂದರಂತೆ, ಒಂದು ಸಾಲು ಚೌಕ ಎಳೆಯಿರಿ: ಬೆಳಗ್ಗೆ ಐದರಿಂದ ಎಂಟು, ಮಧ್ಯಾಹ್ನ, ಸಂಜೆ ಆರರಿಂದ ಹತ್ತು, ರಾತ್ರಿ. ಒಂದು ಹುಣಸೆಬೀಜಕ್ಕೆ 10 ವ್ಯಾಟ್, ಒಂದು ಗೇರುಬೀಜಕ್ಕೆ 100 ವ್ಯಾಟ್. ಎಲ್‌ಇಡಿ ಬಲ್ಬಿಗೆ ಒಂದು ಹುಣಸೆಬೀಜ. ಹಳೆಯ ಫ್ಯಾನಿಗೆ ಏಳೆಂಟು, ಕಡಿಮೆ ಕರೆಂಟು ಎಳೆಯುವ ಹೊಸ ಬಿಎಲ್‌ಡಿಸಿ ಫ್ಯಾನಿಗೆ ಮೂರು. ಮಿಕ್ಸಿಗೆ ಐದು ಗೇರುಬೀಜ, ಅರ್ಧ ಎಚ್‌ಪಿ ಪಂಪಿಗೆ ಆರು, ಇಂಡಕ್ಷನ್ ಒಲೆಗೆ ಇಪ್ಪತ್ತು. ಮೊದಲು ಈಗ ಇರುವುದನ್ನು ಇಡಲಿ. ಆಮೇಲೆ, ಹೆದರಿಕೆ ಇಲ್ಲದಿದ್ದರೆ, ಸುಡುವುದಿಲ್ಲ ಎಂದು ಗೊತ್ತಿದ್ದರೆ ಏನು ಇಡುತ್ತೀರಿ ಎಂದು ಕೇಳಿ. ಸಂಜೆಯ ಚೌಕದಲ್ಲಿ ಬೀಜ ರಾಶಿಯಾಗುವುದನ್ನು ಅವರೇ ನೋಡುತ್ತಾರೆ, ಪಂಪನ್ನು ಮಧ್ಯಾಹ್ನಕ್ಕೆ ಸರಿಸೋಣ ಎಂಬ ಮಾತು ಅವರಿಂದಲೇ ಬರಬಹುದು. ಹೆಂಗಸರ ಸಾಲು ಬೇರೆ, ಗಂಡಸರ ಸಾಲು ಬೇರೆ ಮಾಡಿ. ಬೆಳಗ್ಗಿನ ಐದು ಗಂಟೆಗೆ ಅಡುಗೆಮನೆಯಲ್ಲಿ ಏನು ನಡೆಯುತ್ತದೆಂದು ಗಂಡಸರ ಸಾಲಿನಲ್ಲಿ ಇರುವುದಿಲ್ಲ. ಎಲ್ಲ ಮುಗಿದ ಮೇಲೆ ಬೀಜ ಎಣಿಸಿ ಬರೆದುಕೊಳ್ಳಿ, ಫೋಟೋ ತೆಗೆದರೆ ಸಾಲದು.

ಈ ಬೀಜಗಳಿಂದ ಸೋಲಾರಿನ ಮಾತೂ ಸಲೀಸಾಗುತ್ತದೆ. ಕೊರಗರಂಥ ವಿಶೇಷ ದುರ್ಬಲ ಬುಡಕಟ್ಟುಗಳಿಗಾಗಿ 2023ರ ನವೆಂಬರಿನಲ್ಲಿ ಶುರುವಾದ ಪಿಎಂ-ಜನಮನ್ ಯೋಜನೆಯಲ್ಲಿ, ಲೈನ್ ಎಳೆಯಲಾಗದ ಮನೆಗಳಿಗೆ 0.3 ಕಿಲೋವ್ಯಾಟಿನ ಸೋಲಾರ್ ಉಂಟು. ಅಂದರೆ ಮೂರು ಗೇರುಬೀಜ. ಮಿಕ್ಸಿ ತಿರುಗದು. ಆಟಿಯ ಮೋಡದಲ್ಲಿ ಆ ಮೂರೂ ಸಿಗುವುದು ಸಂಶಯ. ದೀಪಕ್ಕೆ, ಫೋನಿಗೆ, ಒಂದು ಫ್ಯಾನಿಗೆ ಒಳ್ಳೆಯದೇ. ಲೈನಿಗೆ ಬದಲಿ ಎಂದು ಹೇಳಿ ಒಪ್ಪಿಸಬೇಡಿ.

ಇನ್ನೊಂದು ಗೊಂದಲ: ಮನೆಗೆ ಬರುವ ಲೈನು, ಮನೆಯ ಮೇಲೆ ದಾಟಿಹೋಗುವ ಲೈನು, ಇವೆರಡನ್ನೂ ಒಂದೇ ಸಭೆಯಲ್ಲಿ ಕಲಸುವುದು. ಉಡುಪಿ–ಕಾಸರಗೋಡು 400 ಕೆವಿ ಲೈನಿನಂಥದ್ದರ ಬಗ್ಗೆ "ಲೈನ್ ಬರುತ್ತದೆ" ಎಂದಷ್ಟೇ ಹೇಳಿದರೆ ಕರೆಂಟು ಸರಿಯಾಗುತ್ತದೆ ಎಂದೇ ಕೇಳುವವರು ತಿಳಿಯುತ್ತಾರೆ. ಈ ತಂತಿಯಿಂದ ನಿಮ್ಮ ಮನೆಗೆ ನೇರವಾಗಿ ಕರೆಂಟು ಇಳಿಯುವುದಿಲ್ಲ ಎಂದು ಮೊದಲ ಮಾತಿನಲ್ಲೇ ಹೇಳಬೇಕು. 400 ಕೆವಿಗೆ ಕಾಡಿನಲ್ಲಿ 46 ಮೀಟರ್ ಅಗಲದ ಪಟ್ಟಿ ಬೇಕು, 11 ಕೆವಿಗೆ 7 ಮೀಟರ್. 2006ರ ಅರಣ್ಯ ಹಕ್ಕು ಕಾಯಿದೆಯ 3(2)ನೇ ಕಲಮಿನಲ್ಲಿ ಗ್ರಾಮಸಭೆಯ ಶಿಫಾರಸಿನ ಮೇಲೆ 1 ಹೆಕ್ಟೇರಿಗಿಂತ ಕಡಿಮೆ ಕಾಡಿನ ಜಾಗವನ್ನು, ಹೆಕ್ಟೇರಿಗೆ 75 ಮರ ಮೀರದಂತೆ, ವಿದ್ಯುತ್ ಲೈನಿಗೆ ಕೊಡಬಹುದು. 11 ಕೆವಿಯಾದರೆ ಅದರಲ್ಲಿ 1,400 ಮೀಟರ್ ಹೋಗುತ್ತದೆ. 400 ಕೆವಿಗೆ 217 ಮೀಟರಿಗೇ ಮುಗಿಯಿತು, ಅದರ ಅನುಮತಿಯ ದಾರಿಯೇ ಬೇರೆ. ಗ್ರಾಮಸಭೆಗೆ ಅರ್ಧಕ್ಕಿಂತ ಕಡಿಮೆ ಇಲ್ಲದ ಹಾಜರಿ, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರು ಎಂಬುದು ಆ ಕಾಯಿದೆಯ ನಿಯಮ. ಕೇರಳದಲ್ಲಿ ಅನುಸೂಚಿತ ಪ್ರದೇಶ ಇಲ್ಲದ್ದರಿಂದ ಅಂಥ ಪ್ರದೇಶಗಳ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ 1996ರ ಪೆಸಾ ಕಾಯಿದೆ ಇಲ್ಲಿ ಅನ್ವಯಿಸುವುದಿಲ್ಲ. ಬೇರೆ ರಾಜ್ಯದ ನಮೂನೆ ತಂದು ತುಂಬಿಸಬೇಡಿ. ಪ್ರತಿ ಜಾಗದ ಕಾಗದ ಬೇರೆ, ತಿಳಿದ ವಕೀಲರಿಗೆ ತೋರಿಸಿಯೇ ಮುಂದುವರಿಯುವುದು ಕ್ಷೇಮ.

ಪರಿಹಾರದ ಪಟ್ಟಿಯಲ್ಲಿ ತಪ್ಪಿಹೋಗುವ ಒಂದು ವಸ್ತು ಹೇಳಲೇಬೇಕು. ಕೊರಗರು ಬುಟ್ಟಿ ಹೆಣೆಯುವ ಕಾಡುಬಳ್ಳಿ. ಬಳ್ಳಿ ಬೆಳೆಯುವುದು ಮರ ಹಿಡಿದು. ಲೈನಿನ ಅಡಿಯ ಮರ ಕಡಿದರೆ ಮರಕ್ಕೆ ಲೆಕ್ಕ ಸಿಗುತ್ತದೆ, ಬಳ್ಳಿಗೆ ಕಾಲಮ್ಮೇ ಇಲ್ಲ. ಕೇಂದ್ರದ 2024ರ ಜೂನ್ ಮಾರ್ಗಸೂಚಿ ಟವರಿನ ತಳಕ್ಕೆ ಜಾಗದ ಬೆಲೆಯ ಶೇ. 200, ತಂತಿಯ ಕೆಳಗಿನ ಪಟ್ಟಿಗೆ ಶೇ. 30 ಎಂದು ಹೇಳುತ್ತದೆ. ಎರಡೂ ಜಾಗದ ಒಡೆತನದ ಮೇಲೆ ನಿಂತ ಲೆಕ್ಕ. ಬಳ್ಳಿ ತರುವವರ ಹೆಸರಿನಲ್ಲಿ ಆ ಜಾಗ ಇರುವುದಿಲ್ಲ. ಆದ್ದರಿಂದ ಮಾರ್ಗ ಗುರುತಿಸುವ ಮೊದಲೇ, ಬಳ್ಳಿ ಎಲ್ಲಿಂದ ತರುತ್ತೀರಿ, ದೈವದ ಕಲ್ಲು ಎಲ್ಲಿ, ಹೂಳುವ ಜಾಗ ಎಲ್ಲಿ ಎಂದು ಅವರ ಜತೆ ನಡೆದೇ ನೋಡಬೇಕು. ಸರ್ವೆ ಕಲ್ಲು ನೆಟ್ಟ ಮೇಲೆ ಕೇಳಿದರೆ, ಅದನ್ನು ಕೇಳುವುದು ಎನ್ನುವುದಿಲ್ಲ, ತಿಳಿಸುವುದು ಎನ್ನುತ್ತಾರೆ.

ಸಭೆ ಮುಗಿಸಿ ಬಂದ ಮೇಲೆ ಒಮ್ಮೆ ಮರಳಿ ಹೋಗಬೇಕು, ಹೆಚ್ಚಿನವರು ಕೈಬಿಡುವುದು ಇದನ್ನೇ. ಎಷ್ಟು ಬೀಜ ಎಷ್ಟು ಕಿಲೋವ್ಯಾಟಾಯಿತು, ಯೋಜನೆಯಲ್ಲಿ ಎಷ್ಟು ಸೇರಿತು, ಎಷ್ಟು ಸೇರಲಿಲ್ಲ, ಯಾಕೆ, ಯಾವ ವರ್ಷದ ಕೆಲಸಕ್ಕೆ ಹಾಕಿದೆ ಎಂದು ಅದೇ ಅಂಗಳದಲ್ಲಿ, ಅವರ ಮಾತಿನಲ್ಲಿ ಓದಿ ಹೇಳಿ. ಒಂದು ಪ್ರತಿ ಪ್ರಮೋಟರ ಕೈಯಲ್ಲಿ, ಒಂದು ಪ್ರತಿ ಊರಿನವರು ಹೇಳಿದ ಮನೆಯಲ್ಲಿ ಇರಲಿ. ಯೋಜನೆ ವರ್ಷ ವರ್ಷ ಪರಿಷ್ಕರಣೆಯಾಗುವುದರಿಂದ ಮುಂದಿನ ಆಟಿಗೆ ಅದೇ ಕೊನೆಯ ಮನೆಯಲ್ಲಿ, ಸಂಜೆ ಏಳಕ್ಕೆ, ಮತ್ತೆ ಓಲ್ಟೇಜ್ ಅಳೆದು ಆ ಎರಡೂ ಪ್ರತಿಗಳಲ್ಲಿ ಬರೆಯಿರಿ.